ಕೆಸರೆಗೆ ಹೋಗಿ ಕೇಳಿದ ಪದ

ಬೆಳಿಗ್ಗೆ ಆರೂಕಾಲಿಗೆ ಬೆಂಗಳೂರಿನಿಂದ ಮೈಸೂರಿನ ಬಸ್ಸು ಹೊರಟಿತು. ಆಧಾರ್ ಕಾರ್ಡ್ ನೋಡಿದ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ನನ್ನ ಮಡಿಲಲ್ಲಿ ಥೀಸಿಸ್ಸಿನ ಐದು ಪ್ರತಿಗಳಿದ್ದವು. ಮೆರೂನ್ ರೆಕ್ಸಿನ್ ಬೈಂಡಿಂಗ್, ಚಿನ್ನದ ಬಣ್ಣದ ಅಕ್ಷರ.

"ಲಗೇಜಿಗೆ ಚಾರ್ಜ್ ಇಲ್ವೇನಪ್ಪ?" ಎಂದು ಕೇಳಿದೆ.

"ಬುಕ್ಕಿಗೆಲ್ಲಾ ಯಾರು ಚಾರ್ಜ್ ಆಕ್ತಾರೆ, ಅಜ್ಜಿ? ಬಾಳೆಗೊನೆ ಆಗಿದ್ರೆ ಬಿಡ್ತಿರ್ಲಿಲ್ಲ" ಎಂದ.

ಹೊಸ ಹೈವೇ ಆದಮೇಲೆ ನಮ್ಮ ಬಸ್ಸು ಮದ್ದೂರಿನೊಳಗೆ ಹೋಗುವುದಿಲ್ಲ. ವಡೆಯಿಲ್ಲದೆ, ಮನೆಯಿಂದ ತಂದ ಒಣ ಸ್ಯಾಂಡ್‌ವಿಚ್ ಅಗಿಯುತ್ತ ಕುಳಿತೆ.

ಎಪ್ಪತ್ತಮೂರನೇ ವಯಸ್ಸಿನಲ್ಲಿ ಪಿಎಚ್.ಡಿ. ಯಾಕೆ ಎಂದು ಎಲ್ಲರೂ ಕೇಳಿದ್ದಾರೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಪಿಯಾನೋ ಕಲಿಸಿದರು. ಕನ್ನಡದಲ್ಲಿ ಮಾತಾಡಿದರೆ ಫೈನ್ ಹಾಕಿದರು. ಮುಂದೆ ನಾನೂ ಅಂಥದೇ ಶಾಲೆಯಲ್ಲಿ ಮ್ಯೂಸಿಕ್ ಟೀಚರಾಗಿ ಕೂದಲು ನರೆಸಿಕೊಂಡೆ. ನನ್ನ ಸ್ವಂತ ನೆಲದ ಹಾಡು ಒಂದೂ ಬಾರದೆ ಸಾಯಬಾರದೆಂದು, ನಿವೃತ್ತಿಯ ನಂತರ ಎಥ್ನೋಮ್ಯೂಸಿಕಾಲಜಿಗೆ ಸೇರಿದೆ. ಮೊಮ್ಮಕ್ಕಳ ವಯಸ್ಸಿನವರ ಜೊತೆ ಕೋರ್ಸ್‌ವರ್ಕ್ ಮಾಡಿದೆ, ಮೆಥಡಾಲಜಿ ಪೇಪರಿನಲ್ಲಿ ಒಮ್ಮೆ ಫೇಲಾದೆ, ಇಬ್ಬರು ಗೈಡುಗಳನ್ನು ಕಳೆದುಕೊಂಡು ಮೂರನೆಯವಳ ಕೈಗೆ ಬಂದೆ. ಆರು ವರ್ಷ ಹಾಗೆ ಹೋಯಿತು. ಆ ದಿನ ಸಂಜೆ ಐದರೊಳಗೆ ಥೀಸಿಸ್ ಕೊಡದಿದ್ದರೆ ನನ್ನ ರಿಜಿಸ್ಟ್ರೇಷನ್ ರದ್ದಾಗುತ್ತಿತ್ತು. ಅದಕ್ಕೊಂದು ಅಡ್ಡಿ ಇತ್ತು. ಬೀಸುವ ಕಲ್ಲಿನ ಪದಗಳನ್ನು ನನಗೆ ಹಾಡಿಕೊಟ್ಟ ಸಿದ್ದಮ್ಮನ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಈಗ ಯೂನಿವರ್ಸಿಟಿಗೆ ಅದು ಕನ್ನಡದಲ್ಲಿ, ಅವಳ ಸಹಿಯೊಂದಿಗೆ ಬೇಕಂತೆ.

ಮೈಸೂರಿನಲ್ಲಿ ಇಳಿದಾಗ ಒಂಬತ್ತೂವರೆ. ಮಾರ್ಚಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸಿದ್ದಮ್ಮನ ಮನೆಯಿದ್ದ ಕೆಸರೆಗೆ ಆಟೋದವನು ನೂರೈವತ್ತು ಕೇಳಿ ನೂರಿಪ್ಪತ್ತಕ್ಕೆ ಒಪ್ಪಿದ. ದಾರಿಯಲ್ಲಿ, "ಬುಕ್ಕು ಯಾವ್ದಮ್ಮ?" ಎಂದ.

"ಎಥ್ನೋಮ್ಯೂಸಿಕಾಲಜಿ. ಜನ ಏನು ಹಾಡ್ತಾರೆ, ಯಾಕೆ ಹಾಡ್ತಾರೆ ಅಂತ ಓದೋದು."

"ಅದುಕ್ಕೂ ಓದ್ಬೇಕಾ? ಅವರ್ನೇ ಕೇಳುದ್ರೆ ಏಳಲ್ವಾ?"

ನಾನು ನಕ್ಕುಬಿಟ್ಟೆ. ಹೌ ಸ್ವೀಟ್, ಎಂದುಕೊಂಡೆ.

ಸಿದ್ದಮ್ಮ ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ನಂಜನಗೂಡಿನ ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದು ಕಟ್ಟಡದ ಕೆಲಸ ಮಾಡಿ ಮಕ್ಕಳನ್ನು ಓದಿಸಿದವಳು. "ಬನ್ರವ್ವ, ಬಿಸ್ಲಲ್ ಬಂದ್ಬುಟ್ರಲ್ಲ" ಎಂದು ಫ್ಯಾನ್ ಹಾಕಿದಳು. ಟಿವಿಯ ಮೇಲೆ ಬಿಳಿಯ ಬುದ್ಧ. ಬಿ.ಎಡ್. ಓದುವ ಮೊಮ್ಮಗಳು ಮೇಘನಾ ಚಹಾ ತಂದಳು. ಆಮೇಲೆ ಒಪ್ಪಿಗೆ ಪತ್ರವನ್ನು ಅಜ್ಜಿಗೆ ಓದಿ ಹೇಳತೊಡಗಿದಳು. "ಮೂರನೇ ಅಧ್ಯಾಯ. ಅವ್ವ: ಬೀಸುವ ಪದಗಳಲ್ಲಿ ತಾಯಿಗಾಗಿ ಹಂಬಲ."

"ಯಾರ್ ತಾಯಿಗೆ?" ಎಂದಳು ಸಿದ್ದಮ್ಮ.

"ನೀವು ಹಾಡಿದ್ರಲ್ಲ, 'ಕೈ ಸೋತು ಬಂತವ್ವ, ಸಾಕೆನ್ನು ನನ್ನವ್ವ' ಅಂತ. ಗಂಡನ ಮನೇಲಿ ಬೀಸೋ ಹೆಣ್ಣುಮಗಳು ತಾಯೀನ ನೆನೆಸ್ಕೊಳ್ಳೋದು" ಎಂದೆ. ಈ ಒಂದು ಸಾಲಿನ ಮೇಲೆ ನಾನು ನಲವತ್ತೆರಡು ಪುಟ ಬರೆದಿದ್ದೆ.

ಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಅಯ್ ಬುಡಿ. ಅದು ಗೌಡ್ತೀರ್ನ ಕರ್ಯಾದು. ನಾವು ಅವ್ರ ಮನೇಗೆ ರಾಗಿ ಬೀಸಕ್ ಓಯ್ತಿದ್ವಿ. ಎಸ್ರಿಡಿದು ಕರ್ಯಂಗಿಲ್ಲ, ಅವ್ವ ಅನ್ನಬೇಕು. ಆಯಮ್ಮ ಸಾಕು ಅನ್ನಗಂಟ ಕಲ್ ಬುಡಂಗಿಲ್ಲ. ಅದ್ಕೆ ಪದ ಕಟ್ಕೊಂಡು ಕೇಳಾದು."

"ಮತ್ತೆ ನಿಮ್ಮ ತಾಯಿ?"

"ನಮ್ಮವ್ವುನ್ ಯಾಕ್ ಕರ್ಯಾನ? ನನ್ ಎದ್ರುಗೇ ಕುಂತು ಅದೇ ಗೂಟ ಇಡ್ದು ಬೀಸ್ತಿದ್ಲು."

ಫ್ಯಾನು ಕಟಕಟ ಎನ್ನುತ್ತಿತ್ತು. "ಮೊದಲೇ ಹೇಳಬಾರದಿತ್ತೆ, ಸಿದ್ದಮ್ಮ?" ಎಂದೆ. ನನ್ನ ದನಿ ಟೀಚರಿನ ದನಿಯಾಗಿತ್ತು.

"ನೀವು ಕೇಳ್ನಿಲ್ವಲ್ಲ. ವಸಿ ಮೆಲ್ಲುಗೆ ಆಡಿ, ಇನ್ನೊಂದ್ಸಲ ಆಡಿ ಅಂದ್ರಿ, ಆಡ್ದೆ. ನಿಮ್ಮುನ್ನೂ ಅವ್ವ ಅಂತೀನಲ್ಲ, ನೀವೇನ್ ನನ್ನ ಎತ್ತೋರಾ?"

"ಸುಮ್ನಿರಜ್ಜಿ" ಎಂದಳು ಮೇಘನಾ. ಅವಳಿಗೂ ನಗು ತಡೆಯಲಾಗಲಿಲ್ಲ.

ಮಮ್ಮಿ ಎಂದು ಕರೆದು ಬೆಳೆದವಳು ನಾನು; ಅವ್ವ ಎಂಬುದನ್ನು ಪುಸ್ತಕದಲ್ಲಿ ಓದಿ, ಎಂಥ ಬೆಚ್ಚಗಿನ ಮಾತು ಎಂದು ಹೊಟ್ಟೆಕಿಚ್ಚು ಪಟ್ಟವಳು. ಸಿದ್ದಮ್ಮ ಮೊದಲ ದಿನ ನನ್ನನ್ನು ಹಾಗೆ ಕರೆದಾಗ ಡೈರಿಯಲ್ಲಿ 'ಅಕ್ಸೆಪ್ಟೆಡ್!' ಎಂದು ಬರೆದುಕೊಂಡಿದ್ದೆ.

ಅವಳು ಪೆನ್ನು ತೆಗೆದುಕೊಂಡು ಅಕ್ಷರ ಅಕ್ಷರವಾಗಿ ಹೆಸರು ಬರೆದಳು. "ತಕ್ಕೊಳಿ. ನಿಮ್ಗೆ ತಾಯಿ ಅಂತ ಬೇಕಿದ್ರೆ ತಾಯಿ ಅಂತ್ಲೇ ಇರ್ಲಿ. ನನ್ಗೇನು?"

ವಿಭಾಗ ತಲುಪಿದಾಗ ಹನ್ನೆರಡೂವರೆ. ಗೈಡ್ ಊಟಕ್ಕೆ ಹೋಗಿದ್ದಳು. ಕ್ಯಾಂಟೀನಿನಲ್ಲಿ ನಲವತ್ತು ರೂಪಾಯಿಯ ರೈಸ್‌ಬಾತ್ ತೆಗೆದುಕೊಂಡು ಅರ್ಧ ಬಿಟ್ಟೆ. ಅವಳು ಬಂದಮೇಲೆ ವಿಷಯ ಹೇಳಿದೆ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವಳು, ಒಳ್ಳೆಯವಳೇ.

"ಮೇಡಂ, ಸಿನಾಪ್ಸಿಸ್‌ನಲ್ಲಿ ಕಮಿಟಿಗೆ ಇಷ್ಟ ಆಗಿದ್ದೇ ಆ ಚಾಪ್ಟರ್. ಈಗ ತೆಗೆದ್ರೆ ಉಳಿಯೋದೇನು? ಸಬ್ಮಿಟ್ ಮಾಡಿ. ಆಮೇಲೆ ಕರೆಕ್ಷನ್ ಅಂತ ಒಂದು ಪೇಪರ್ ಬರೆದ್ರಾಯ್ತು. ಲಾಂಗ್ ಕೆರಿಯರ್ ಇದೆಯಲ್ಲ."

"ನನಗೆ ಎಪ್ಪತ್ತಮೂರು ಕಣಮ್ಮ."

"ಸಾರಿ. ಬಾಯಿಗೆ ಬಂದ್ಬಿಡ್ತು."

ಕಚೇರಿಯಲ್ಲಿ ಅವಧಿ ವಿಸ್ತರಣೆಯ ಅರ್ಜಿ ಕೇಳಿದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ ಕಾರಣಗಳನ್ನು ಓದಿದರು. "ಕಾಯಿಲೆ, ಎರಿಗೆ, ಮನೇಲಿ ಸಾವು. ನಿಮ್ದ್ಯಾವ್ದು ಮೇಡಂ?"

"ಒಂದು ಪದದ ಅರ್ಥ ತಪ್ಪಾಗಿದೆ."

"ಸ್ಪೆಲ್ಲಿಂಗಾ? ಅದು ನಡೀತದೆ ಬಿಡಿ."

ಅಲ್ಲ ಎನ್ನಲು ಬಾಯಿ ತೆರೆದೆ. ಹಿಂದೆ ಕ್ಯೂ ಇತ್ತು. ಗಡಿಯಾರದಲ್ಲಿ ನಾಲ್ಕೂ ನಲವತ್ತು. ಐದೂ ಪ್ರತಿಗಳನ್ನು ಕೌಂಟರಿನ ಮೇಲೆ ಇಟ್ಟೆ.

ಅವರು ಪುಟ ಎಣಿಸಲೆಂದು ಮೇಲಿನದನ್ನು ತೆರೆದರು. ಮೂರನೆಯ ಅಧ್ಯಾಯದ ಹತ್ತಿರ ಕೈ ನಿಂತಿತು. ತುಟಿ ಆಡಿಸುತ್ತ ಅರ್ಧ ಪುಟ ಓದಿದರು. "ಎಷ್ಟು ಚೆನ್ನಾಗಿ ಬರ್ದಿದೀರಿ ಕಣ್ರೀ. ನಮ್ ತಾಯಿ ಗ್ಯಾಪ್ಕ ಬಂದ್ರು" ಎಂದು ಸೀಲು ಒತ್ತಿದರು.

"ಥ್ಯಾಂಕ್ಯೂ" ಎಂದೆ.

ಆರು ಗಂಟೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕೆಂಗೇರಿಯ ಹತ್ತಿರ ಬರುವಷ್ಟರಲ್ಲಿ, ವೈವಾದಲ್ಲಿ ಯಾರಾದರೂ ಅವ್ವ ಎಂದರೇನು ಎಂದು ಕೇಳಿದರೆ ಕೊಡಬೇಕಾದ ಉತ್ತರವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಒಳ್ಳೆಯ ಉತ್ತರ, ಯಾರೂ ಮುಂದೆ ಕೇಳಲಾರರು. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು.