ಅಕ್ಷರಕ್ಕೊಂದು ಬೆಳಗು

ನೆಲಕ್ಕೆ ಹಾಸಿದ ಪರ್ಸಿ ಕಲ್ಲಿನ ಮೇಲೆ ಬರೆದ ಆ ಅಕ್ಷರಗಳನ್ನು ನಾನು ಕಣ್ಣಾರೆ ನೋಡಿದೆನೋ, ಇಲ್ಲ ಯಾರೋ ಹೇಳಿದ್ದನ್ನು ಕೇಳಿ ಕೇಳಿ ನೋಡಿದಂತೆ ಆಗಿದೆಯೋ, ಈಗ ಹೇಳಲಾರೆ. ನನ್ನ ನೆನಪಿನಲ್ಲಿ ಅವು ರಂಗೋಲಿ ಪುಡಿಯ ಅಕ್ಷರಗಳು, ಹೊಸ್ತಿಲ ಹೊರಗೆ, ಎಳೆಬಿಸಿಲಿನಲ್ಲಿ. ಅಕ್ಕನ ಪ್ರಕಾರ ಅದು ಸೀಮೆಸುಣ್ಣ, ಅಡುಗೆಮನೆಯ ಮೂಲೆ, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ.

"ಗಂಡನ ಹೆಸರು ಯಾರಾದ್ರೂ ಬಾಗಲ ಮುಂದ ಬರೀತಾರೇನೋ ಹುಚ್ಚಾ? ಓಣಿ ಮಂದಿ ತುಳದು ಹೋಗಾಕ?" ಎಂದು ಆಕೆ ನಕ್ಕಳು.

ಆಕೆ ಹೇಳುವುದೇ ಸರಿ ಇರಬೇಕು. ಆದರೂ ನಾನು ಕಣ್ಣು ಮುಚ್ಚಿದರೆ ಬರುವುದು ರಂಗೋಲಿಯೇ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು ನಾನು, ಎದುರಿಗೆ ಕಂಡದ್ದನ್ನೂ ಒಮ್ಮೆ ಅನುಮಾನಿಸಬೇಕು ಎಂದು ಕಲಿಸಿದ್ದರು. ಸ್ವಂತ ತಲೆಯೊಳಗಿನದನ್ನು ಅನುಮಾನಿಸುವುದು ಮಾತ್ರ ವಯಸ್ಸಾಗುತ್ತ ತಾನಾಗಿ ಬಂತು.

ಹಾಗಾಗಿ ಎಲ್ಲರೂ ಒಪ್ಪುವ ಸಂಗತಿಗಳಿಂದ ಶುರು ಮಾಡುತ್ತೇನೆ. ಅಕ್ಕ ನನಗಿಂತ ಹಿರಿಯಳು. ನಮ್ಮ ಊರು ಮಾನ್ವಿ. ಏಳನೇ ತರಗತಿ ಮುಗಿದ ಮೇಲೆ ಆಕೆಯ ಶಾಲೆ ಬಿಡಿಸಿದರು, ಕೆಲವು ವರ್ಷಕ್ಕೆ ದೇವದುರ್ಗಕ್ಕೆ ಮದುವೆ ಮಾಡಿಕೊಟ್ಟರು. ಅಕ್ಕನ ಗಂಡನನ್ನು ನಮ್ಮ ಕಡೆ ಮಾವ ಅನ್ನುತ್ತೇವೆ; ಮಾವನದು ಕುರಿ ವ್ಯಾಪಾರ. ಅಕ್ಕ ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಓಣಿಯ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದಳು. ಅಡುಗೆ ಮಾಡುವುದು, ಮಕ್ಕಳನ್ನು ಮನೆಯಿಂದ ಕರೆತರುವುದು, ಮೂಗು ಒರೆಸುವುದು, ಪಾತ್ರೆ ತಿಕ್ಕುವುದು ಆಕೆಯ ಪಾಲು. ಹಾಡು, ಆಟ, ಕಥೆ ಎಲ್ಲ ಕಾರ್ಯಕರ್ತೆಯ ಪಾಲು. ಆ ಕಾರ್ಯಕರ್ತೆಯನ್ನು ಓಣಿಯಲ್ಲಿ ಎಲ್ಲರೂ ಟೀಚರ್ ಅನ್ನುತ್ತಿದ್ದರು.

ಆ ಟೀಚರ್ ನಿವೃತ್ತಿಗೆ ಬಂದಿದ್ದರು. ಸಹಾಯಕಿ ಹತ್ತನೇ ತರಗತಿ ಪಾಸಾಗಿದ್ದರೆ ಆ ಜಾಗಕ್ಕೆ ಮೊದಲು ಆಕೆಯನ್ನೇ ನೋಡುತ್ತಾರೆ ಎಂದು ಯಾರೋ ಅಕ್ಕನಿಗೆ ಹೇಳಿದರು. ಆಗ ಅಕ್ಕನಿಗೆ ನಲವತ್ತು ದಾಟಿತ್ತು. ರಾಯಚೂರಿನಲ್ಲಿದ್ದ ನನಗೆ ಫೋನ್ ಮಾಡಿದಳು.

"ಲೇ ತಮ್ಮಾ, ನನಗ ಹತ್ತನೇತ್ತಿ ಕಟ್ಟಸು."

"ಈಗ್ಯಾಕ ಅಕ್ಕಾ? ಪಗಾರ ಸಲುವಾಗೇನು?"

"ಪಗಾರ ಬ್ಯಾಡ ಅನ್ನಾಕ ನನಗೇನು ಹುಚ್ಚೇನು? ಆದ್ರ ಅದಲ್ಲೋ. ಟೀಚರ್ ಕಥಿ ಹೇಳೋ ಹೊತ್ತಿಗೆ ನಾ ಹಿತ್ತಲದಾಗ ಭಾಂಡಿ ತಿಕ್ಕಾಕತ್ತಿರ್ತೀನಿ. ಅರ್ಧಾ ಕಥಿ ಕೇಳಸ್ತದ, ಅರ್ಧಾ ನೀರಿನ ಸಪ್ಪಳದಾಗ ಹೋಗ್ತದ. ಒಮ್ಮೆರ ಪೂರಾ ಕಥಿ ನಾ ಹೇಳಬೇಕು."

ಇದು ಆಕೆ ಹೇಳಿದ ಮಾತೇ. ಇದರಲ್ಲಿ ನನಗೆ ಅನುಮಾನವಿಲ್ಲ, ಯಾಕೆಂದರೆ ನನ್ನ ಬಾಯಿಂದ ಇಂಥ ಮಾತು ಬರುವುದಿಲ್ಲ.

ಆಗ ನಾನು ಮತ್ತೊಂದು ಕೆಲಸ ಬಿಟ್ಟು ಕುಳಿತಿದ್ದೆ. ಅತಿಥಿ ಉಪನ್ಯಾಸಕನಾಗಿದ್ದೆ, ಪತ್ರಿಕೆಯೊಂದರಲ್ಲಿದ್ದೆ, ಬೀಜದ ಕಂಪನಿಯೊಂದರಲ್ಲಿ ಕೆಲಕಾಲ ಊರೂರು ತಿರುಗಿದ್ದೆ. ಎಲ್ಲೂ ನಿಲ್ಲದ ನನಗೆ, ಒಂದೇ ಓಣಿಯಲ್ಲಿ ಅಷ್ಟು ವರ್ಷ ನಿಂತವಳು ಪಾಠ ಹೇಳಿಕೊಡು ಎಂದಳು. ಖುಷಿಯಾಯಿತು. ಭಾನುವಾರ ಬೆಳಿಗ್ಗೆ ದೇವದುರ್ಗದ ಬಸ್ಸು ಹತ್ತುತ್ತಿದ್ದೆ. ಆಕೆ ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದಳು, ನಾನು ಪುಸ್ತಕ ಹಿಡಿದು ಎದುರಿಗೆ. ತಟ್ಟುವ ಕೈ ನಿಂತರೆ ಲೆಕ್ಕ ತಿಳಿಯಲಿಲ್ಲ ಎಂದು ಅರ್ಥ. ಮಾವ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದ.

"ಅಳಿಯಾ, ಇಕಿ ಪಾಸಾದ್ರ ನನಗ ರೊಟ್ಟಿ ಯಾರು ಬಡೀತಾರ?"

"ನೀವ ಕಲೀರಿ ಮಾವ."

"ನಾ ಐದನೇತ್ತಿ ಫೇಲ್. ರೊಟ್ಟಿ ಕಲಿಯಾಕ ಎಷ್ಟನೇತ್ತಿ ಪಾಸಾಗಬೇಕು ಕೇಳು ನಿಮ್ಮಕ್ಕನ್ನ."

ಆ ಚಳಿಗಾಲದಲ್ಲಿ ಮಾವನಿಗೆ ಸಂತೆಯಲ್ಲಿ ಎದೆನೋವು ಬಂತು. ರಾಯಚೂರಿಗೆ ತಂದೆವು, ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕ ವಿಜ್ಞಾನದ ಪುಸ್ತಕ ತೆರೆದು ಹೃದಯದ ಚಿತ್ರ ನೋಡುತ್ತ ಕೂತಿದ್ದಳು ಎಂದು ನನಗೆ ನೆನಪು. ಪುಸ್ತಕ ಊರಲ್ಲೇ ಇತ್ತು ಎಂದು ಆಕೆ ಹೇಳುತ್ತಾಳೆ. ಇರಲಿ. ಮಾವ ಮನೆಗೆ ಬಂದ. ಮೊದಲ ಸಲ ಮೆಲ್ಲಗೆ ಮಾತಾಡುವ ಮನುಷ್ಯನಾಗಿ ಬಂದ. ಅಕ್ಕ ಕೃಷ್ಣೆಯ ದಂಡೆಯ ಗೂಗಲ್ ಊರಿಗೆ ಹೋಗಿ ಹೊಳೆಯಲ್ಲಿ ಮುಳುಗಿ, ಅಲ್ಲಮಪ್ರಭುವಿಗೆ ಕಾಯಿ ಒಡೆಸಿಕೊಂಡು ಬಂದು ಮತ್ತೆ ಓದಲು ಕೂತಳು.

ಮೊದಲನೆಯ ಪರೀಕ್ಷೆ ಕನ್ನಡ. ನನಗೆ ಗಣಿತದ ಭಯವಿತ್ತೇ ಹೊರತು ಕನ್ನಡದ್ದಲ್ಲ. ಶಾಲೆಯ ಹೊರಗೆ ಕಾಯುತ್ತಿದ್ದೆ. ಹುಡುಗ ಹುಡುಗಿಯರು ಕಿರುಚುತ್ತ ಹೊರಬಂದರು; ಅವರ ನಡುವೆ ಸೆರಗು ಸರಿಮಾಡಿಕೊಳ್ಳುತ್ತ ಅಕ್ಕ.

"ಹ್ಯಾಂಗ ಬರದಿ?"

"ಬರದೀನಿ. ಪತ್ರ ಬಿಟ್ಟೆ. ಪ್ರಬಂಧನೂ ಹೋತು."

"ಪತ್ರ ಬಾಯಿಪಾಠ ಇತ್ತಲ್ಲ?"

"ಇತ್ತು." ಆಕೆ ಚಪ್ಪಲಿ ನೋಡುತ್ತ ನಿಂತಳು. "ಇಂಥಾ ಊರಿನ ಇಂಥವ ನೀನು ಅಂತ ತಿಳಕೊಂಡು ಪತ್ರ ಬರಿ ಅಂತ ಕೊಟ್ಟಾರ."

"ಹೌದು, ಹಂಗ ಕೊಡ್ತಾರ. ಯಾರಂತ ತಿಳಕೋ ಅಂದ್ರು?"

"ಅದನ್ನ ಹ್ಯಾಂಗ ಹೇಳ್ಲೋ ನಾನು?"

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ತಂದರೆ ಆತನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುತ್ತಾರೆ. ಮದುವೆ, ಸೀಮಂತದಲ್ಲಿ ಎಲ್ಲರೂ ಹಟ ಹಿಡಿದಾಗ ಒಡಪು ಕಟ್ಟಿ ಅದರೊಳಗೆ ಹೆಸರನ್ನು ಅಡಗಿಸಿ ಹೇಳಿ ಮುಖ ಮುಚ್ಚಿಕೊಳ್ಳುತ್ತಾರೆ. ಅಷ್ಟೇ. ಮಾವನ ಹೆಸರು ನಮ್ಮ ಸೀಮೆಯಲ್ಲಿ ಪ್ರತಿ ಓಣಿಗೆ ಇಬ್ಬರಿಗಿದೆ. ಪ್ರಶ್ನೆ ಬರೆದವರಿಗೂ ಅದೇ ಹೊಳೆದಿತ್ತು.

"ಮಾವನ ಹೆಸರಾ?"

"ಸಾವಕಾಶ ಒದರೋ! ಅವರಾಗಿ ಬರೀಬೇಕಂತ. ಕಡೀಕ 'ಇಂತಿ' ಅಂತ ಹಾಕಿ ಅವರ ಹೆಸರು. ಪೆನ್ನು ಹಿಡಕೊಂಡು ಕುಂತೆ. ಕುಂತ ಕುಂತ ಹೊತ್ತು ಹೋತು, ಗಂಟಿ ಬಾರಿಸಿದ್ರು."

ನಾನು ವಾದ ಶುರು ಮಾಡಿದೆ. ಹೆಸರಿಗೂ ಹೃದಯಕ್ಕೂ ಸಂಬಂಧವಿಲ್ಲ ಎಂದೆ. ಆಕೆ ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: "ಯವ್ವ ಒಂದು ದಿನನೂ ಅಪ್ಪನ ಹೆಸರು ಹೇಳಲಿಲ್ಲ. ಆದ್ರೂ ಅಪ್ಪ ಹೋದ. ಇಷ್ಟು ನನಗ ತಿಳಿಯಂಗಿಲ್ಲೇನು? ತಿಳೀತದ. ಆದ್ರ ಈ ವರ್ಷ ಬ್ಯಾಡೋ ತಮ್ಮಾ. ಮುಂದಿನ ವರ್ಷ ಬೇಕಾದ್ರ ಸಾವಿರ ಸಲ ಬರೀತೀನಿ."

ಇಬ್ಬರೂ ಕಬ್ಬಿನ ಹಾಲು ಕುಡಿದು ಮನೆಗೆ ಹೋದೆವು. ಮಾವನಿಗೆ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಫಲಿತಾಂಶ ಬಂತು. ಗಣಿತ ಪಾಸು, ಇಂಗ್ಲಿಷ್ ಪಾಸು, ಉಳಿದದ್ದೆಲ್ಲ ಪಾಸು, ಕನ್ನಡ ಒಂದೇ ಫೇಲು. ಮಾವನಿಗೆ ದನಿ ಮರಳಿ ಬಂದದ್ದು ಅವತ್ತೇ ಇರಬೇಕು.

"ಕೇಳ್ರಪ್ಪೋ! ಹುಟ್ಟಿದಾಗಿಂದ ಕನ್ನಡ ಬಿಟ್ರ ಮತ್ತೊಂದು ಮಾತಾಡಲಾರದಾಕಿ ಕನ್ನಡದಾಗ ಫೇಲ್! ಜಗಳ ಮಾಡುವಾಗ ಎಲ್ಲಿಂದ ಬರ್ತದ ಬೇ ಅಷ್ಟು ಕನ್ನಡ?"

ಬಂದವರಿಗೆಲ್ಲ ಇದನ್ನೇ ಹೇಳಿದ. ಅಕ್ಕ ನಗುತ್ತ ಬಂದವರಿಗೆ ಚಹಾ ಕೊಟ್ಟಳು. ಮಗಳನ್ನು ನೋಡಲು ಮಾನ್ವಿಯಿಂದ ಬಂದಿದ್ದ ನಮ್ಮ ಯವ್ವನಿಗೆ ಮಾತ್ರ ತಡೆಯಲಾಗಲಿಲ್ಲ. ಅಕ್ಕ ಯವ್ವನಿಗೆ ಎಲ್ಲವನ್ನೂ ಹೇಳಿದ್ದಳು.

"ಅಳಿಯಂದ್ರ, ಬಾಳ ನಗಬ್ಯಾಡ್ರಿ," ಎಂದಳು ಯವ್ವ. "ಆ ಪ್ರಶ್ನಿ ಒಳಗ ನಿಮ್ಮ ಹೆಸರು ಬಂದಿತ್ತಂತ. ನನ್ನ ಮಗಳು ಹೆಸರು ಬರೀಲಿಲ್ಲ, ಅದರ ಮಾರ್ಕು ಬಿಟ್ಟು ಬಂದಾಳ."

ಮಾವ ಬಾಯಿ ತೆರೆದವನು ಹಾಗೇ ಅಕ್ಕನ ಕಡೆ ತಿರುಗಿದ. ಆಕೆ ಒಲೆಯ ಕಡೆ ತಿರುಗಿಕೊಂಡಳು. ಆತ ಎದ್ದು ಕುರಿ ಹಟ್ಟಿಗೆ ಹೋದ. ಊಟದ ಹೊತ್ತಿನವರೆಗೆ ಬರಲಿಲ್ಲ.

ಇಲ್ಲಿಂದ ಮುಂದೆ ನನ್ನ ನೆನಪಿಗೆ ಕಾಲು ಗಟ್ಟಿಯಿಲ್ಲ. ನಾನು ರಾಯಚೂರಿಗೆ ಹಿಂತಿರುಗಿದ್ದೆ. ಮರುಪರೀಕ್ಷೆ ಹತ್ತಿರದಲ್ಲೇ ಇತ್ತು. ಅದೂ ತಪ್ಪಿದರೆ ಟೀಚರ್ ಜಾಗಕ್ಕೆ ಬೇರೆಯವರು ಬರುತ್ತಾರೆ, ಅಕ್ಕ ಹಿತ್ತಲಲ್ಲೇ ಉಳಿಯುತ್ತಾಳೆ. ಅದು ಮಾವನಿಗೂ ಗೊತ್ತಿತ್ತು. ಆತ ಒಂದು ದಿನ ಅಂಗನವಾಡಿಯ ಸೀಮೆಸುಣ್ಣದ ತುಂಡು ತಂದು ಅಕ್ಕನ ಕೈಗೆ ಕೊಟ್ಟನಂತೆ.

"ಬರಿ ನನ್ನ ಹೆಸರು."

"ಒಲ್ಲೆ."

"ಪೂರಾ ಬ್ಯಾಡ. ಮೊದಲನೇ ಅಕ್ಷರ ಅಷ್ಟ ಬರಿ. ಒಂದು ಅಕ್ಷರದಲೆ ಯಾರೂ ಸಾಯಂಗಿಲ್ಲ. ಸತ್ರ ಮುಂಜಾನಿ ನೋಡೂಣು."

"ಬಾಯಾಗ ಹುಳಾ ಬೀಳಲಿ ನಿಮ್ಮ!"

ಆದರೂ ಬರೆದಳು. ಹಿಟ್ಟಿನ ಡಬ್ಬಿಯ ಹಿಂದೆ, ಬೇರೆ ಯಾರಿಗೂ ಕಾಣದಂತೆ, ಒಂದೇ ಅಕ್ಷರ. ಅದು ಹೆಸರಲ್ಲವಲ್ಲ, ಬರೀ ಅಕ್ಷರ. ಆ ಅಕ್ಷರದಿಂದ ಶುರುವಾಗುವ ಬೇರೆ ನೂರು ಮಾತುಗಳಿವೆ ಎಂದು ತನಗೆ ತಾನೇ ಹೇಳಿಕೊಂಡಳಂತೆ. ಮರುದಿನ ನಸುಕಿನಲ್ಲಿ ಎದ್ದು ಒಲೆ ಹಚ್ಚುವಾಗ, ಹೊರಗೆ ಮಲಗಿದ್ದ ಹೊರಸಿನ ಮೇಲಿಂದ ಕುರಿ ಕೂಗುವ ಗಂಟಲಿನಲ್ಲಿ ಮಾವ ಒದರಿದ:

"ಅದೀನಿ!"

ಇದ್ದೇನೆ, ಸತ್ತಿಲ್ಲ ಎಂದು. ಅವತ್ತು ಎರಡನೆಯ ಅಕ್ಷರ. ಮರುಬೆಳಗು ಮತ್ತೆ "ಅದೀನಿ!" ಓಣಿಯವರಿಗೆ ಅದು ಏನೆಂದು ತಿಳಿಯಲಿಲ್ಲ, ಆಸ್ಪತ್ರೆಯವರು ಹೇಳಿಕೊಟ್ಟ ವ್ಯಾಯಾಮ ಇರಬೇಕು ಅಂದುಕೊಂಡರು. ಕೊನೆಯ ಅಕ್ಷರದ ದಿನ ಅಕ್ಕ ಕೈ ತಡೆದಳು. ಬರೆದರೆ ಹೆಸರು ಪೂರ್ತಿಯಾಗುತ್ತದೆ. ಮಾವ ಆಕೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸುಣ್ಣ ಇಸಿದುಕೊಂಡು, ತನ್ನ ಹೆಸರಿನ ಕೆಳಗೆ ಅಕ್ಕನ ಹೆಸರು ಬರೆದ. ಐದನೇ ತರಗತಿಯ ಆಚೆ ಆತ ಬರೆದ ಮೊದಲ ಬರಹ ಅದು. ಒತ್ತಕ್ಷರ ಎಲ್ಲಿ ಹಾಕಬೇಕು ಎಂದು ಆಕೆಯನ್ನೇ ಕೇಳಿದ. ಹಾಕಿಸಿಕೊಂಡು ಸುಣ್ಣ ಹಿಂತಿರುಗಿಸಿದ. ಅಕ್ಕ ಕೊನೆಯ ಅಕ್ಷರ ಬರೆದಳು.

ಇದನ್ನು ನಾನು ಫೋನಿನಲ್ಲಿ ಮಾವನಿಂದ ಕೇಳಿದೆ. ಆಮೇಲೆ ಅಕ್ಕನಿಂದ ಬೇರೆ ಥರ ಕೇಳಿದೆ: ಸುಣ್ಣ ತಂದದ್ದು ತಾನೇ, ಆತ ಬರೀ ಕೂತಿದ್ದ ಎಂದು. ಮುಂದಿನ ಭಾನುವಾರ ನಾನು ಹೋದಾಗ ಎರಡೂ ಹೆಸರು ಕಲ್ಲಿನ ಮೇಲಿದ್ದವು ಎಂದು ನನ್ನ ಮನಸ್ಸು ಸಾಕ್ಷಿ ಹೇಳುತ್ತದೆ. "ನೀ ಬರೂದರಾಗ ನೆಲ ಒರಸಿದ್ದೆ" ಎಂದು ಅಕ್ಕ ಅನ್ನುತ್ತಾಳೆ. ನೋಡದಿದ್ದುದನ್ನು ನನ್ನ ಮನಸ್ಸು ರಂಗೋಲಿಯಲ್ಲಿ ತುಂಬಿ, ಬಿಸಿಲು ಬೇರೆ ಹಾಕಿ, ನನ್ನದೇ ಎಂದು ಇಟ್ಟುಕೊಂಡಿದೆ. ಒಂದು ಮಾತು ಮಾತ್ರ ನನ್ನದೇ: ಇಷ್ಟು ವರ್ಷದ ಓದಿನಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗವನ್ನು ನಾನು ಕಂಡಿಲ್ಲ.

ಮರುಪರೀಕ್ಷೆಯ ಕೇಂದ್ರ ಮಾನ್ವಿಯಲ್ಲಿ ಬಿತ್ತು. ಅಕ್ಕ ತವರಿನಿಂದ ಪರೀಕ್ಷೆಗೆ ಹೋದಳು. ಚಿಕ್ಕಂದಿನಲ್ಲಿ ಶಾಲೆಗೆ ಹೋಗುತ್ತಿದ್ದ ಅದೇ ದಾರಿ. ಯವ್ವ ಬಾಗಿಲವರೆಗೆ ಬಂದು ಮೊಸರು-ಸಕ್ಕರೆ ಕೊಟ್ಟಳು. ಬರೆದು ಹೊರಬಂದ ಅಕ್ಕನ ಮುಖ ಸಪ್ಪಗಿತ್ತು. ಗೇಟಿನ ಬಳಿ ಕಾಯುತ್ತಿದ್ದ ನಾನು ಎದುರಿಗೆ ಹೋದೆ.

"ಏನಾತಕ್ಕಾ? ಪತ್ರ?"

"ಬರದೆ. ಪ್ರಬಂಧನೂ ಬರದೆ. ಆದ್ರ ಈ ಸಲ ಪ್ರಶ್ನಿ ಒಳಗ ಯಾವಾಕೆದೋ ಹೆಸರಿತ್ತು. ಇಷ್ಟು ರೂಢಿ ಮಾಡಿಕೊಂಡು ಹೋದ್ರ ಅವರದು ಬರಲೇ ಇಲ್ಲ ನೋಡು."

ಪಾಸಾದಳು. ಟೀಚರ್ ನಿವೃತ್ತರಾದ ಮೇಲೆ ಆ ಜಾಗ ಆಕೆಗೇ ಸಿಕ್ಕಿತು. ಮೊದಲ ವಾರ ನಾನು ಹೋಗಿದ್ದೆ. ಮಕ್ಕಳು ಸುತ್ತ ಕೂತಿದ್ದರು, ಒಬ್ಬಳು ತೊಡೆಯ ಮೇಲೇ ಇದ್ದಳು. ಅಕ್ಕ ನರಿಯ ಕಥೆ ಹೇಳುತ್ತಿದ್ದಳು. ಹೊಸ ಸಹಾಯಕಿ ಹಿತ್ತಲಿಗೆ ಪಾತ್ರೆ ಒಯ್ಯುತ್ತಿದ್ದುದನ್ನು ನೋಡಿ ಕಥೆ ನಿಲ್ಲಿಸಿದಳು.

"ಭಾಂಡಿ ಇರಲಿ ಬಿಡವಾ, ಎಲ್ಲಿಗೂ ಓಡಿ ಹೋಗಂಗಿಲ್ಲ. ಬಾ, ಕುಂದ್ರು. ಕಥಿ ಮುಗದ ಮ್ಯಾಲ ಇಬ್ಬರೂ ಕೂಡಿ ತಿಕ್ಕೂಣು."

ಕೆಲವು ವರ್ಷಗಳಾದವು. ನಾನು ಈಗ ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅರ್ಧಕ್ಕೆ ಬಿಟ್ಟಿದ್ದ ಸಂಶೋಧನೆಯನ್ನು ಮತ್ತೆ ಹಿಡಿದಿದ್ದೇನೆ, ನನ್ನ ವಿದ್ಯಾರ್ಥಿಯಾಗಿದ್ದವನೊಬ್ಬ ಅಲ್ಲಿ ನನಗೆ ಮೇಲಿನವನು. ಅಕ್ಕನ ಕಥೆಯನ್ನು ಅವನಿಗೆ ಹೇಳಿದಾಗ, ಆ "ಅದೀನಿ" ಈಗಲೂ ನಡೆಯುತ್ತದಾ ಎಂದು ಕೇಳಿದ. ದಿನಾ ಒದರುತ್ತೇನೆ ಎಂದು ಮಾವ ಹೇಳುತ್ತಾನೆ. ಅದೆಲ್ಲ ಯಾವಾಗಲೋ ನಿಂತಿತು, ನಿಮ್ಮ ಮಾವನದು ಬರೀ ಬಡಾಯಿ ಎಂದು ಅಕ್ಕ ಹೇಳುತ್ತಾಳೆ. ನನಗೂ ಅದು ಕಥೆಯ ಸಲುವಾಗಿ ಉಳಿದ ಮಾತು ಅನ್ನಿಸಿತ್ತು.

ಹೋದ ತಿಂಗಳು ದೇವದುರ್ಗಕ್ಕೆ ಹೋದೆ, ಬೇಕಂತಲೇ ರಾತ್ರಿ ವಸ್ತಿ ಮಾಡಿದೆ. ಯಾಕೆ ಉಳಿದೆ ಎಂದು ಯಾರಿಗೂ ಹೇಳಲಿಲ್ಲ. ಬೆಳಕು ಹರಿಯುವ ಮೊದಲೇ ಎಚ್ಚರವಾಗಿ ಪಡಸಾಲೆಯಲ್ಲಿ ಅಲುಗಾಡದೆ ಮಲಗಿದ್ದೆ. ಅಡುಗೆಮನೆಯಲ್ಲಿ ದೀಪ ಹತ್ತಿತು, ಪಾತ್ರೆಯ ಸದ್ದಾಯಿತು. ಹೊರಗೆ ಹೊರಸು ಕಿರುಗುಟ್ಟಿತು, ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಅದೀನಿ!"

ಒಳಗಿನಿಂದ ಅಕ್ಕ, ತಡಮಾಡದೆ:

"ಕೇಳಿಸ್ತ್ರೀ. ಚಹಾ ಆರಾಕತ್ತದ, ಬರ್ರಿ."