ಮೂಗು ಮೇಸ್ತ್ರಿಯ ಮನೆಯ ನಾತ

ಯಾರ ಮನೆಯೊಳಗೆ ಮೋರಿ ನಾತ ಎದ್ದರೂ ಊರಿಗೆ ಮೊದಲು ನೆನಪಾಗುತ್ತಿದ್ದವನು ಮೂಗು ಮೇಸ್ತ್ರಿ. ಕಸುಬಿನಲ್ಲಿ ಅವನು ನಲ್ಲಿ-ಪೈಪಿನವನು, ಆದರೆ ಹೆಸರು ತಂದುಕೊಟ್ಟದ್ದು ಮೂಗು. ಬರುವ ಮುಂಚೆಯೇ ಅಪ್ಪಣೆ ಬರುತ್ತಿತ್ತು: ಫಿನಾಯಿಲ್ ಹಾಕಬೇಡಿ, ಈರುಳ್ಳಿ ಹುರಿಯಬೇಡಿ, ಸೆಂಟು ಹಾಕಿಕೊಂಡವರು ಹೊರಗಿರಿ. ಬಂದವನು ಕಿಟಕಿ ಬಾಗಿಲು ಮುಚ್ಚಿಸಿ, ಚಪ್ಪಲಿ ಬಿಟ್ಟು, ನಡುಮನೆಯಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನಾತ ಹಿಡಿಯಬೇಕಾದವನು ಅವನು, ಉಸಿರು ಬಿಗಿಹಿಡಿದು ನಿಂತವರು ಮನೆಮಂದಿ! ಕೊನೆಗೆ ಗೋಡೆಯ ಒಂದು ಕಡೆ ಬೆರಳಿಟ್ಟು "ಇಲ್ಲಿ ಒಡೀರಿ" ಅನ್ನುತ್ತಿದ್ದ. ಒಡೆದರೆ ಬಿರುಕು ಬಿಟ್ಟ ಪೈಪು ಅಲ್ಲೇ ಇರುತ್ತಿತ್ತು.

ಅವನ ತಮ್ಮ ಕೆಲಸ ಕಲಿತದ್ದು ಇವನ ಬೆನ್ನ ಹಿಂದೆ ತಿರುಗಿಯೇ. ಚೀಲ ಹೊತ್ತ, ಮೋರಿ ನೀರು ಸೇರುವ ಚೇಂಬರಿನ ಗುಂಡಿಗಿಳಿದ, ಬೇಕಾದಷ್ಟು ಬೈಸಿಕೊಂಡ. ಕೊಳೆತ ಮೊಟ್ಟೆಯ ಹಾಗಿದ್ದರೆ ಅದು ಚೇಂಬರಿನ ಗಾಳಿ, ಒದ್ದೆ ಗೋಣಿಯ ಹಾಗಿದ್ದರೆ ಎಲ್ಲೋ ನೀರು ಜಿನುಗಿ ಗೋಡೆ ಕುಡಿಯುತ್ತಿದೆ ಎಂದು ಅಣ್ಣ ಎಷ್ಟು ಹೇಳಿಕೊಟ್ಟರೂ ತಮ್ಮನ ತಲೆಗೆ ಹತ್ತಲಿಲ್ಲ. "ನಂಗೆ ಎಲ್ಲಾ ಒಂದೇ ನಾತ ಅಣ್ಣ" ಅನ್ನುತ್ತಿದ್ದ. ಬೇರೆಯಾಗಿ ತನ್ನದೇ ಕೆಲಸ ಶುರುಮಾಡಿದ ಮೇಲೆ ಅವನು ಹೊಗೆ ಮಿಷಿನ್ ಒಂದನ್ನು ತಂದ. ಬಚ್ಚಲು, ಸಿಂಕು ಎಲ್ಲಕ್ಕೂ ಅಲ್ಲಿಂದ ಹೊಗೆ ಬರದಂತೆ ನೀರು ತುಂಬಿಸಿ, ಹೊರಗಿನ ಚೇಂಬರಿಗೆ ಕೊಳವೆ ಇಳಿಸಿ, ಹೊಗೆ ಊದಿಬಿಡುವುದು. ಮನೆಯೊಳಗೆ ಎಲ್ಲಿ ಹೊಗೆ ಎದ್ದಿತೋ ಅಲ್ಲೇ ತೂತು. ಮಕ್ಕಳಿಗೂ ಕಾಣುವ ವಿಚಾರ, ಇದಕ್ಕೊಂದು ಮೂಗು ಬೇಕೇ?

ಜನಕ್ಕೋ, ಅದೊಂದು ದೊಡ್ಡ ತಮಾಷೆಯಾಯಿತು. ಹೊಗೆ ಎದ್ದ ತಕ್ಷಣ ಫೋನು ಹಿಡಿದು ವಿಡಿಯೋ ಮಾಡುವುದೇನು, ಪಕ್ಕದ ಮನೆಯವರನ್ನು ಕರೆದು ತೋರಿಸುವುದೇನು! ಮೇಸ್ತ್ರಿಯ ಹೊಟ್ಟೆಗೆ ಬೆಂಕಿ ಬಿತ್ತು. "ಹೊಗೆ ಹಾಕೋದು ಸೊಳ್ಳೆಗೆ ಕಣ್ರೀ, ಮನೆಗಲ್ಲ" ಎಂದು ಸಿಕ್ಕಸಿಕ್ಕವರ ಹತ್ತಿರ ಆಡಿಕೊಂಡ. ತಮ್ಮನ ಸ್ಕೂಟರು ಬೀದಿಯಲ್ಲಿ ಹಾದುಹೋದರೆ ಊಟ ರುಚಿಸುತ್ತಿರಲಿಲ್ಲ.

ರುಚಿಸದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಅವನೊಬ್ಬನಿಗೇ ಗೊತ್ತು. ಹೋದ ವರ್ಷ ಹಾಸಿಗೆ ಹಿಡಿಸಿದ ಜ್ವರ, ಬಿಟ್ಟುಹೋಗುವಾಗ ಅವನ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಸೀಮೆಎಣ್ಣೆ ಡಬ್ಬಿಗೆ ಮೂಗಿಟ್ಟ, ನೀರಿನ ಹಾಗಿತ್ತು. ಫಿನಾಯಿಲ್ ಬಾಟಲಿಗೆ ಇಟ್ಟ, ಅದೂ ನೀರೇ. ಹೆಂಡತಿಗೂ ಬಾಯಿ ಬಿಡಲಿಲ್ಲ. ಅವಳಿಗೆ ಮೈದುನನ ಮೇಲೆ ತುಸು ಹೆಚ್ಚೇ ಅಕ್ಕರೆ. ಅವಳ ಕಿವಿಗೆ ಬಿದ್ದರೆ ಅವನ ಕಿವಿಗೆ ಬಿದ್ದಂತೆಯೇ. ಊರಿಗೆಲ್ಲ ತಿಳಿದರೂ ತಡೆದುಕೊಂಡಾನು, ತಮ್ಮನಿಗೆ ತಿಳಿಯಕೂಡದು.

ಹಾಗಾಗಿ ನಾಟಕ ಶುರುವಾಯಿತು. ಅದೇ ಕಣ್ಣು ಮುಚ್ಚುವುದು, ಅದೇ ಗಂಭೀರ ಮುಖ. "ಯಾವಾಗ ಜಾಸ್ತಿ ಬರುತ್ತಮ್ಮ? ಬಟ್ಟೆ ಮಿಷಿನ್ ನೀರು ಬಿಟ್ಟಾಗಲೋ?" ಎಂದು ಮೆಲ್ಲಗೆ ಮಾತು ಹೊರಡಿಸಿ, ಮನೆಯವರು ಎಲ್ಲಿ ಮುಖ ಸಿಂಡರಿಸುತ್ತಾರೆಂದು ಅರೆಗಣ್ಣಲ್ಲಿ ನೋಡಿ ಅಲ್ಲಿಗೆ ಬೆರಳಿಡುತ್ತಿದ್ದ. ಬಹಳ ಮನೆಗಳಲ್ಲಿ ಬಳಸದೆ ಬಿಟ್ಟ ಬಚ್ಚಲಿನ ಜಾಲರಿಯಡಿ ನಾತ ತಡೆಯುವ ನೀರು ಒಣಗಿ ಮೋರಿಯ ಗಾಳಿ ಮೇಲೆ ಬರುತ್ತಿರುತ್ತದೆ. ಒಂದು ಬಕೆಟ್ ನೀರು ಸುರಿದರೆ ಸಾಕು. ಹಾಗೂ ಹೀಗೂ ಕಾಲ ತಳ್ಳಿದ. ಆದರೆ ಟೈಲರಮ್ಮನ ಮನೆಯಲ್ಲಿ ಆಟ ನಡೆಯಲಿಲ್ಲ. ಎರಡು ಕಡೆ ಗೋಡೆ ಒಡೆಸಿದ, ಏನೂ ಸಿಗಲಿಲ್ಲ. ಆಮೇಲೆ ದಾರಿಯಲ್ಲಿ ಸಿಕ್ಕ ಆಕೆ ನಗುನಗುತ್ತಾ ಫೋನು ಹಿಡಿದಳು. "ನೋಡಿ ಮೇಸ್ತ್ರಿ, ನಿಮ್ ತಮ್ಮ ಬಂದು ಹೇಗೆ ಹಿಡಿದ! ಕಪಾಟಿನ ಹಿಂದೆ ಹೊಗೆ ಬುಸುಬುಸು ಅಂತ ಬಂತು. ಎಷ್ಟಾದ್ರೂ ನಿಮ್ ಕೈಲಿ ಕಲಿತವನಲ್ವಾ?"

ಹೊಗಳಿಕೆ ಅಂದುಕೊಂಡೇ ಹೇಳಿದಳು ಪಾಪ. ಇವನಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ಇತ್ತ ಮನೆಯಲ್ಲೇ ಹೆಂಡತಿ ಗೊಣಗತೊಡಗಿದ್ದಳು. "ರೀ, ಚಿಕ್ಕ ರೂಮಲ್ಲಿ ಏನೋ ನಾತ."

"ನನ್ನ ಮೂಗಿಗಿಲ್ಲದ ನಾತ ನಿನ್ನ ಮೂಗಿಗೆ ಎಲ್ಲಿಂದ ಬಂತೇ?"

ಊರೇ ನಂಬಿದ ಮೂಗು, ಕಟ್ಟಿಕೊಂಡವಳು ನಂಬದಿರುತ್ತಾಳೆಯೇ? ತನಗೇ ಏನೋ ಭ್ರಮೆ ಅಂದುಕೊಂಡಳು. ಇಲಿ ಸತ್ತಿರಬೇಕೆಂದು ಅಟ್ಟ ಕೆದಕಿದಳು, ದಿಂಬು ಬಿಸಿಲಿಗೆ ಹಾಕಿದಳು, ಹಳೇ ಚಾಪೆ ಬಿಸಾಡಿದಳು. ನಾತ ಜಗ್ಗಲಿಲ್ಲ. ಕೊನೆಗೆ ಗಂಡ ಕೆಲಸಕ್ಕೆ ಹೋದದ್ದು ನೋಡಿ ಮೈದುನನಿಗೆ ಫೋನು ಮಾಡಿದಳು.

ಅವತ್ತೇ ಮೇಸ್ತ್ರಿ ಪೈಪು ತಿರುಗಿಸುವ ಪಾನ ಮರೆತು ಮಧ್ಯಾಹ್ನ ಮನೆಗೆ ವಾಪಸು ಬರಬೇಕೇ? ಬಾಗಿಲಲ್ಲಿ ತಮ್ಮನ ಸ್ಕೂಟರು. ಪಕ್ಕದ ಸಂದಿಯಲ್ಲಿ ಹೊಗೆ ಮಿಷಿನ್ ಕೊಳವೆ ತನ್ನದೇ ಚೇಂಬರಿಗಿಳಿದಿದೆ! ಒಳಗೆ ನುಗ್ಗಿದರೆ, ಚಿಕ್ಕ ರೂಮಿನ ಮೂಲೆಯ ಟ್ರಂಕು ಪಕ್ಕಕ್ಕೆ ಸರಿದಿತ್ತು. ನೆಲ ಒಡೆದಿತ್ತು. ಆ ಜಾಗದಲ್ಲಿ ಹೊಸ ಬಿಳೀ ಮುಚ್ಚಳವೊಂದು ಕೂತಿತ್ತು.

ಅವನಿಗೆ ನೋಡಿದ ಕೂಡಲೇ ನೆನಪಾಯಿತು. ಆ ರೂಮು ಹಿಂದೆ ಬಚ್ಚಲುಮನೆ. ಬಚ್ಚಲನ್ನು ಹಿತ್ತಲಿಗೆ ಸಾಗಿಸಿದಾಗ ಹಳೇ ಪೈಪಿನ ಬಾಯಿಗೆ ಗೋಣಿ ತುರುಕಿ, ಮೇಲೆ ತೆಳ್ಳಗೆ ಸಿಮೆಂಟು ಸವರಿ, ಮುಚ್ಚಳ ಆಮೇಲೆ ಹಾಕಿದರಾಯಿತು ಅಂದುಕೊಂಡಿದ್ದ. ಊರವರ ಮನೆ ರಿಪೇರಿಯಲ್ಲಿ ಆ 'ಆಮೇಲೆ' ಬರಲೇ ಇಲ್ಲ.

"ನನ್ನ ಮನೆಗೇ ಹೊಗೆ ಹಾಕೋಕೆ ಬಂದ್ಯೇನೋ?" ಎಂದು ಗುಡುಗಿದ.

ತಮ್ಮ ಗಡಬಡಿಸಿ ಎದ್ದ. "ಅತ್ತಿಗೆ ಕರೆದ್ರು ಅಂತ ಬಂದೆ, ಕೋಪ ಮಾಡ್ಕೋಬೇಡ. ನಿನ್ನ ಮೂಗು ನಂಗಿದ್ದಿದ್ರೆ ಈ ಡಬ್ಬ ಯಾಕಣ್ಣ ಹೊರ್ತಿದ್ದೆ? ಕಣ್ಣಿಗೆ ಕಂಡ್ರೇನೇ ನಂಗೆ ಗೊತ್ತಾಗೋದು. ನೀನು ಸುಮ್ನೆ ನಿಂತು ಬೆರಳಿಡ್ತಿದ್ದೆ. ನಿಜ ಹೇಳ್ಲಾ? ಆಗಿಂದ ಇವತ್ತಿನವರೆಗೂ ನಿನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ನಂಗೆ."

ಅಬ್ಬಾ! ಅಷ್ಟು ದಿನದ ಉರಿಗೆ ಯಾರೋ ತಣ್ಣೀರು ಸುರಿದಂತಾಯಿತು. ಮೇಸ್ತ್ರಿಯ ಎದೆ ಉಬ್ಬಿತು. ಮೊದಲಿನ ಗತ್ತಿನಲ್ಲೇ ಚಪ್ಪಲಿ ಕಳಚಿದ, ಮುಚ್ಚಳದ ಮೇಲೆ ಬಾಗಿದ, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದ. "ಪರವಾಗಿಲ್ಲ, ಚೆನ್ನಾಗೇ ಕೂರಿಸಿದ್ದೀಯ. ಒಂದು ಚೂರೂ ನಾತ ಇಲ್ಲ" ಅಂದ.

ಕಣ್ಣು ತೆರೆದು ನೋಡಿದರೆ ಹೆಂಡತಿ ಬಾಗಿಲ ಹತ್ತಿರ ಟವೆಲಿನಿಂದ ಮೂಗು ಬಾಯಿ ಒತ್ತಿಹಿಡಿದು ನಿಂತಿದ್ದಳು.

"ಅದಿನ್ನೂ ಕೂರಿಸಿಲ್ಲಾರೀ. ಅಳತೆಗೆ ಅಂತ ಸುಮ್ನೆ ಮೇಲಿಟ್ಟಿದಾನೆ ಅಷ್ಟೇ" ಅಂದಳು.

ತೆಗೆದ ಗೋಣಿಯೂ ಅವನ ಕಾಲ ಬುಡದಲ್ಲೇ, ಬಕೆಟ್ಟಿನಲ್ಲಿ ಕಪ್ಪಗೆ ಕೊಳೆತು ಕೂತಿತ್ತು. ತಮ್ಮ ಅಣ್ಣನ ಮುಖವನ್ನೇ ನೋಡಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿದ. "ಅಣ್ಣ ಹೇಳಿದ್ ಮೇಲೆ ಇಲ್ಲ ಅಂದ್ರೆ ಇಲ್ಲ, ಬಿಡಿ ಅತ್ತಿಗೆ" ಅಂದ. ಹೇಳುವಾಗಲೇ ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ನಾತಕ್ಕೋ ಇನ್ಯಾತಕ್ಕೋ. ಹೆಂಡತಿ ಟವೆಲು ಕೆಳಗಿಳಿಸಿದಳು. "ಯಾವಾಗಿಂದ ರೀ?" ಎಂದು ಮೆಲ್ಲಗೆ ಕೇಳಿದಳು. ಮೇಸ್ತ್ರಿ ಬಕೆಟ್ಟನ್ನು ಕಾಲಿನಿಂದ ಆಚೆ ತಳ್ಳಿದ.

ತಮ್ಮ ಕೂತು ಪೈಪಿನ ಬಾಯಿ ಒರೆಸತೊಡಗಿದ. ಮುಖ ಹೆಗಲಿಗೆ ಒತ್ತಿಕೊಂಡ, ಕೆಮ್ಮಿದ, ಒಮ್ಮೆ ಓಕರಿಸಿದ. ಮೇಸ್ತ್ರಿ ನೋಡುತ್ತಲೇ ಇದ್ದ. ಅವನ ಹೊಟ್ಟೆ ಮತ್ತೆ ಉರಿಯತೊಡಗಿತು, ಮಿಷಿನ್ನಿಗಲ್ಲ, ಊರವರ ಹೊಗಳಿಕೆಗೂ ಅಲ್ಲ. ಕೊನೆಗೆ ತಮ್ಮನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಹೇಗಿದೆಯೋ?"

"ಏನಣ್ಣ?"

"ನಾತ ಕಣೋ. ಕೊಳೆತ ಮೊಟ್ಟೆ ಥರಾನಾ, ಒದ್ದೆ ಗೋಣಿ ಥರಾನಾ? ಸರಿಯಾಗಿ ನೋಡಿ ಹೇಳು."

ತಮ್ಮ ಬಗ್ಗಿ ಉಸಿರೆಳೆದ. ತಲೆಯಾಡಿಸಿದ. "ನಂಗೆ ಎಲ್ಲಾ ಒಂದೇ ನಾತ ಅಣ್ಣ."

"ಪುಣ್ಯವಂತ ಕಣೋ ನೀನು" ಅಂದ ಮೇಸ್ತ್ರಿ. "ನಿಂಗೆ ಆ ಒಂದಾದ್ರೂ ಇದೆ."