ಹೊಸ್ತಿಲಾಚೆ ನಿಂತ ನೆಗೆಣ್ಣಿ

ಒಡಪು ಹೇಳಿಸುವುದು ಬರೀ ತಮಾಷೆ ಎನ್ನುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವ ತನಕ ಒಳಗೆ ಬಿಡದ ತಮಾಷೆ ಅದು. ಹೇಳಬಲ್ಲವರಿಗೆ ತಮಾಷೆ. ನಾನೂ ಹೇಳಬಲ್ಲವಳೇ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸಮಡೋಳಿಯಿಂದ ಮಿರಜಿನ ನಮ್ಮ ಮನೆಗೆ ಬಂದದ್ದು ಸಂಸ್ಥಾನದ ಕಾಲದಲ್ಲಿ. ಮೊದಲ ದಿನವೇ ಬಾಗಿಲಲ್ಲಿ ಅವಳ ಬಾಯಿ ಕಟ್ಟಿತು. ತುಟಿ ಅಲುಗುತ್ತಿತ್ತು, ದನಿ ಇಲ್ಲ. ಕೈ ಅಡ್ಡ ಹಿಡಿದು ನಿಂತವರು ಅತ್ತೆಯ ತಂಗಿ, ನಮಗೆಲ್ಲ ಮಾವಶಿ.

"ನಾವ ಘೇ ಕೀ ಗ! ಗಂಡನ ಹೆಸರ ಹೇಳಾಕ ಇಷ್ಟ ಸೊಕ್ಕ?" ಎಂದು ಹೆಸರು ಹೇಳೆಂದು ಮರಾಠಿ ಬೆರೆಸಿ ಗದರಿದರು.

"ನಾಲಿಗಿ ಸಮಡೋಳ್ಯಾಗ ಬಿಟ್ಟ ಬಂದಾಳ, ಗಾಡಿ ಕಳಸ್ರಿ," ಎಂದು ಹಿಂದಿನಿಂದ ಇನ್ನೊಬ್ಬಳು. ಮನೆ ತುಂಬ ನಗೆ. ದೀಪ ಹಚ್ಚುವ ಹೊತ್ತಾಯಿತೆಂದು ಕೊನೆಗೆ ಅತ್ತೆಯೇ ಒಳಗೆ ಕರೆದರು. ಸೊಕ್ಕಿನವಳು ಎಂಬ ಮಾತು ಮಾತ್ರ ಉಳಿಯಿತು.

ನಾನು ಸುಮ್ಮನಿರಲಿಲ್ಲ. ಸಾಂಗಲಿಯಲ್ಲಿ ಅಪ್ಪ ನಮ್ಮನ್ನು ಗಡಿಯಾರ ಹಿಡಿದು ಬೆಳೆಸಿದ್ದರು. ಐದಕ್ಕೆ ಏಳು, ಐದೂವರೆಗೆ ಸ್ನಾನ, ಆರಕ್ಕೆ ಮಗ್ಗಿ. ಮಗ್ಗಿ ಬಂದ ಹಾಗೆ ಮಾತೂ ಬರುತ್ತದೆ ಎಂದುಕೊಂಡು, ದಿನಾ ಬೆಳಿಗ್ಗೆ ಅವಳನ್ನು ಎದುರಿಗೆ ನಿಲ್ಲಿಸಿ ಹತ್ತು ಸಲ ಒಡಪು ಹೇಳಿಸಿದೆ. "ತಲಿ ಎತ್ತು. ನನ್ನ ನೋಡಿ ಹೇಳು."

"ಅಕ್ಕಾರ, ಒಡಪು ಬರತೈತ್ರಿ. ಮಂದಿ ನೋಡಿದ್ರ ಗಂಟಲಾ ಬಿಗೀತೈತ್ರಿ."

"ನಾಟಕಾ ಬ್ಯಾಡ," ಎಂದೆ. ಅದು ನೆನಪಾದಾಗ ಬರುವ ಸಿಟ್ಟು ಮಾವಶಿಯ ಮೇಲಲ್ಲ.

ಮುಂದೆ ಅವಳು ಬಸುರಾದಳು, ಏಳನೆಯ ತಿಂಗಳಿಗೆ ಕುಬಸ ನಿಶ್ಚಯವಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಬೆಳಗುವ ದಿನ. ಮತ್ತೆ ಅದೇ ಹೆಂಗಸರು, ಅದೇ ಬಾಗಿಲು. ಹಿಂದಿನ ದಿನವೆಲ್ಲ ಅವಳು ರೊಟ್ಟಿ ಮುಟ್ಟಲಿಲ್ಲ. ಬೆಳಿಗ್ಗೆ ಬೀಸುಕಲ್ಲಿನ ಕೋಣೆಯಿಂದ ದನಿ ಕೇಳಿತು.

"ಕೃಷ್ಣಾ ಹೊಳಿ ತುಂಬಿ ದಂಡಿಗೆ ಬಂತು ನೊರಿ, ಇಂಥವರ ಹೆಸರ ಹೇಳತೇನಿ, ಬಾಗಲಾ ಬಿಡ್ರಿ."

'ಇಂಥವರ' ಇದ್ದಲ್ಲಿ ಮೈದುನನ ಹೆಸರಿತ್ತು. ಗೋಡೆಗೆ ಮುಖ ಮಾಡಿ ಬೇಳೆ ಒಡೆಯುತ್ತ, ತುಂಬುದನಿಯಲ್ಲಿ ಹಾಡುತ್ತಿದ್ದಳು. ನನ್ನನ್ನು ಕಂಡದ್ದೇ ದನಿಯೂ ನಿಂತಿತು, ಕಲ್ಲೂ ನಿಂತಿತು. ಅವಳ ಗಂಟಲು ಬಿಗಿಸುವ ಕಣ್ಣುಗಳಲ್ಲಿ ನನ್ನವೂ ಎರಡು.

ಮಧ್ಯಾಹ್ನ ಹಸಿರು ಸೀರೆ ಉಟ್ಟು ಮಠಕ್ಕೆ ನಮಸ್ಕಾರಕ್ಕೆ ಹೋಗಿ, ತಿರುಗಿ ಬಾಗಿಲಿಗೆ ಬಂದಳು. ಮಾವಶಿ ಕೈ ಅಡ್ಡ ಹಾಕಿದರು. "ಇವತ್ತ ಬಿಡಾಂಗಿಲ್ಲ. ಹೊಟ್ಯಾಗಿನ ಕೂಸೂ ಅಪ್ಪನ ಹೆಸರ ಕೇಳಲಿ!"

ಅವಳು ಬಾಗಿಲ ಚೌಕಟ್ಟು ಹಿಡಿದಳು. ನಾನು ಮುಂದೆ ಬಂದೆ.

"ಮಾವಶಿಯವರ, ಕೈ ತಗೀರಿ."

"ರೂಢಿ ಐತಿ!"

"ಹಂಗಾರ ಎಲ್ಲಾರೂ ಗ್ವಾಡಿ ಕಡೆ ತಿರುಗಿ ನಿಂದರ್ರಿ, ಹೇಳತಾಳ."

ಒಬ್ಬರೂ ತಿರುಗಲಿಲ್ಲ. ಅವರಿಗೆ ಬೇಕಾಗಿದ್ದುದು ಹೆಸರಲ್ಲ, ನಡುಗುವ ಮುಖ. ಹಿರಿಯರ ಕೈ ಎಂದು ಗೊತ್ತಿದ್ದೂ ನಾನು ಮಾವಶಿಯ ಕೈ ಹಿಡಿದು ಸರಿಸಿದೆ, ಅವಳನ್ನು ಒಳಗೆ ಕರೆದುಕೊಂಡೆ.

"ದೊಡ್ಡ ಸೊಸಿಗೆ ಭಾಳ ಶಾಣೇತನಾ," ಎಂದು ಮಾವಶಿ ಉಣ್ಣದೆ ಹೋದರು. ಹೋಗಲಿ. ಅತ್ತೆ ಹದಿನೈದು ದಿನ ನನ್ನೊಡನೆ ಮಾತಾಡಲಿಲ್ಲ.

ಮರುದಿನ ಐದಕ್ಕೆ ಎದ್ದೆ, ಒಡಪು ಹೇಳಿಸಲು ಕರೆಯಲಿಲ್ಲ. ಅವಳು ಬೀಸುವ ಕೋಣೆಯ ಹೊರಗೆ, ಬಾಗಿಲಿಗೆ ಬೆನ್ನು ಮಾಡಿ ಅಕ್ಕಿ ಆರಿಸುತ್ತ ಕೂತೆ. ನಾನಿರುವುದು ಅವಳಿಗೆ ಗೊತ್ತಿತ್ತು. ಬಹಳ ಹೊತ್ತು ಕಲ್ಲಷ್ಟೇ ತಿರುಗಿತು. ಆಮೇಲೆ ಅವಳ ದನಿಯಲ್ಲಿ ಕೃಷ್ಣಾ ಹೊಳೆ ಮೆಲ್ಲಗೆ ತುಂಬಿ ಬಂತು. ನಾನು ತಿರುಗಿ ನೋಡಲಿಲ್ಲ.